ಸೋಡಾಬುಡ್ಡಿಯ ಎರಡು ಕಿಟಕಿ

ಆ ದಿನ ಬೆಳಿಗ್ಗೆ ಸೋಡಾಬುಡ್ಡಿಯ ಕನ್ನಡಕ ಮಂಚದ ಹಿಂದೆ ಬೀಳದೆ ಇದ್ದಿದ್ದರೆ ಪಕ್ಕದ ಮನೆಯ ಮಗು ಶಾಲೆಗೆ ಹೋಗುತ್ತಿರಲಿಲ್ಲ.

ಆ ಮಗುವಿಗಿನ್ನೂ ಶಾಲೆಗೆ ಹೋಗುವ ವಯಸ್ಸೇ ಆಗಿರಲಿಲ್ಲ. ಎದ್ದ ಕೂಡಲೇ ಆಟಕ್ಕೆಂದು ಬಂದು ಬಾಗಿಲಲ್ಲಿ ನಿಂತಿತ್ತು. ಕನ್ನಡಕ ಸಿಗದೆ ಗೋಡೆ ಸವರುತ್ತ ಓಡಾಡುತ್ತಿದ್ದ ಸೋಡಾಬುಡ್ಡಿ ಅದನ್ನು ಎತ್ತಿಕೊಂಡು ಹಲ್ಲುಜ್ಜಿಸಿ, ಹಾಲು ಕುಡಿಸಿ, ಮಗಳ ಯೂನಿಫಾರ್ಮ್ ತೊಡಿಸಿ, ಎರಡು ಜಡೆ ಹಾಕಿ, ಶಾಲೆಯ ವ್ಯಾನು ಹತ್ತಿಸಿ, ಕೈ ಬೀಸಿ ಒಳಗೆ ಬಂದ. ಮಗು ತುಟಿ ಪಿಟಕ್ಕೆನ್ನಲಿಲ್ಲ. ಪುಕ್ಕಟೆ ಸಿಕ್ಕ ಬಟ್ಟೆ, ಪುಕ್ಕಟೆ ಸಿಕ್ಕ ಸವಾರಿ, ಯಾಕೆ ಅನ್ನಬೇಕು? ಅವನ ಸ್ವಂತ ಮಗಳು ಕಂಬಳಿಯೊಳಗೆ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

ಅರ್ಧ ಗಂಟೆಯಲ್ಲಿ ಪಕ್ಕದ ಮನೆಯವರು ಇಡೀ ಬೀದಿಯನ್ನು ಎಬ್ಬಿಸಿದರು. ವ್ಯಾನು ವಾಪಸು ಬಂತು. ಮಗು ಇಳಿಯಲೊಲ್ಲೆನೆಂದು ಅತ್ತಿತು. ಸೋಡಾಬುಡ್ಡಿಯ ಹೆಂಡತಿ ಹೆಚ್ಚೇನೂ ಹೇಳಲಿಲ್ಲ. ಮಂಚದ ಹಿಂದಿನಿಂದ ಕನ್ನಡಕ ತೆಗೆದು ಅವನ ಕೈಗಿಟ್ಟು, "ಇನ್ಮೇಲೆ ಮಗೂನ ಕೈ ಹಿಡ್ಕೊಂಡು ನೀವು ಹೊರಗೆ ಹೋಗೋದು ಬೇಡ. ಮೊದಲು ಕಣ್ಣಿಗೇನಾದ್ರೂ ಮಾಡಿಸ್ಕೊಂಡು ಬನ್ನಿ" ಎಂದಳು, ಅಷ್ಟೆ. ಅದನ್ನಾದರೂ ಅವನು ತಡೆದುಕೊಳ್ಳುತ್ತಿದ್ದ. ಕಣ್ಣುಜ್ಜಿಕೊಳ್ಳುತ್ತ ಎದ್ದು ಬಂದ ಮಗಳು ಕೇಳಿದ್ದನ್ನು ಮಾತ್ರ ತಡೆಯಲಾಗಲಿಲ್ಲ.

"ಅಪ್ಪಾ, ಜಡೆ ಹಾಕೋವಾಗ್ಲೂ ಅದು ನಾನಲ್ಲ ಅಂತ ಗೊತ್ತಾಗ್ಲಿಲ್ವಾ?"

ಕಣ್ಣಿಗೆ ಲೇಸರ್ ಮಾಡಿಸಿಕೊಳ್ಳುವುದೆಂದು ಅವನು ಆ ನಿಮಿಷವೇ ತೀರ್ಮಾನಿಸಿದ. ಒಂದೇ ತೊಡಕು. ಅವನಿಗೆ ಅನ್ನ ಹಾಕುತ್ತಿದ್ದುದು ಕನ್ನಡಕದಂಗಡಿ.

ಒಂಬತ್ತು ವರ್ಷಗಳಿಂದ ಅವನು ಅಲ್ಲಿ ಸೇಲ್ಸ್‌ಮನ್. ಅಂಗಡಿಯಲ್ಲಿ ನಾಲ್ಕೇ ಜನ: ಯಜಮಾನರು, ಒಳಗೆ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಫಿಟ್ಟರಣ್ಣ, ಕ್ಯಾಶ್ ಕೌಂಟರಿನ ಅಕ್ಕ, ಮತ್ತು ಇವನು. ನಾಲ್ವರ ಮೂಗಿನ ಮೇಲೂ ಕನ್ನಡಕ. ಅದು ಯಜಮಾನರ ಕಟ್ಟಾಜ್ಞೆ. ಚಪ್ಪಲಿ ಮಾರುವವನು ಬರಿಗಾಲಲ್ಲಿ ನಿಂತರೆ ಯಾರು ಕೊಳ್ಳುತ್ತಾರೆ ಎನ್ನುವುದು ಅವರ ವೇದಾಂತ. ಹೋದ ವರ್ಷ ಒಬ್ಬ ಹೊಸ ಸೇಲ್ಸ್‌ಮನ್ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಬೆಳಿಗ್ಗೆ ಒಳಗೆ ಬಂದವನು ಮಧ್ಯಾಹ್ನದ ಹೊತ್ತಿಗೆ ಹೊರಗಿದ್ದ. ಅಂಥ ಜಾಗದಲ್ಲಿ ಲೇಸರ್ ಎಂಬ ಮಾತು ಆಡುವುದೆಂದರೆ ಕಟುಕನ ಅಂಗಡಿಯಲ್ಲಿ ನಿಂತು ಸೊಪ್ಪಿನ ಗುಣಗಾನ ಮಾಡಿದಂತೆ.

ಆದರೂ ಸೋಡಾಬುಡ್ಡಿ ವಿಚಾರವಂತ. ಅಂಗಡಿಗೆ ಬಂದವನೇ ಹಳೆಯ ಬಿಲ್ ಪುಸ್ತಕದ ಹಿಂದೆ ಗೆರೆ ಎಳೆದು ಮೂರು ಕಣ್ಣಾಸ್ಪತ್ರೆಗಳಿಗೆ ಮೂರು ಕಾಲಂ ಮಾಡಿದ. ಖಾಲಿ ಡಬ್ಬಿಗಳನ್ನು ಪೇರಿಸಿಟ್ಟಿದ್ದ ಮೂಲೆಗೆ ಹೋಗಿ, ಗೋಡೆಗೆ ಮುಖ ಮಾಡಿ, ಒಂದೊಂದಕ್ಕೇ ಫೋನ್ ಮಾಡತೊಡಗಿದ. ಯಾರಾದರೂ ಕೇಳಿಸಿಕೊಂಡರೆ ಎಂಬ ಭಯಕ್ಕೆ ಕಣ್ಣು ಎನ್ನುವ ಕಡೆಯಲ್ಲೆಲ್ಲ ಕಿಟಕಿ ಎಂದ.

ಸೇತುವೆ ಪಕ್ಕದ ಆಸ್ಪತ್ರೆಯ ಹುಡುಗಿ ಇದು ಕಣ್ಣಾಸ್ಪತ್ರೆ ಸಾರ್ ಎಂದು ಎರಡು ಸಲ ಹೇಳಿದಳು. ಗೊತ್ತಮ್ಮ, ನನ್ನ ಕಿಟಕಿಗೇ ಕೇಳ್ತಿರೋದು ಎಂದು ಇವನು ಪಿಸುಗುಟ್ಟಿದ. ತಲೆಕೆಟ್ಟವರ ಆಸ್ಪತ್ರೆ ಮುಂದಿನ ಬೀದಿಯಲ್ಲಿದೆ ಎಂದು ವಿನಯದಿಂದಲೇ ತಿಳಿಸಿ, ಕೊನೆಗೆ ಕನಿಕರಪಟ್ಟು ರೇಟು ಹೇಳಿದಳು. ಇಪ್ಪತ್ತು ಸಾವಿರ. ಸೋಡಾಬುಡ್ಡಿಯ ಮುಖ ಅರಳಿತು. ಅದು ಒಂದು ಕಣ್ಣಿಗೆ ಎಂದಳು. ಮುದುಡಿತು. ಪೇಟೆ ಮಧ್ಯದ ಎರಡನೆಯ ಆಸ್ಪತ್ರೆಯಲ್ಲಿ ಎರಡೂ ಕಣ್ಣು ಸೇರಿಯೇ ರೇಟು, ಆದರೆ ಪರೀಕ್ಷೆ ಬೇರೆ, ಔಷಧಿ ಬೇರೆ, ಬ್ಲೇಡು ತಾಗಿಸದೆ ಬರೀ ಲೇಸರಿನಲ್ಲೇ ಮಾಡಿ ಎಂದರೆ ಅದಕ್ಕೂ ಬೇರೆ. ಮೇಲೆ ಜೀವಮಾನದ ಗ್ಯಾರಂಟಿ. ಯಾರ ಜೀವಮಾನ, ನನ್ನದಾ, ಡಾಕ್ಟರದ್ದಾ, ಮಿಷನ್ನಿನದಾ ಎಂದು ಇವನು ಕೇಳಿದ್ದಕ್ಕೆ ಆ ಕಡೆಯವರು ಸಂಗೀತ ಹಾಕಿ ಎದ್ದುಹೋದರು.

ಸಂಗೀತ ನಿಂತದ್ದೇ ಇವನು ಗಂಟಲು ಸರಿಮಾಡಿಕೊಂಡು ಕೇಳಿದ: "ಎರಡೂ ಕಿಟಕಿ ಒಂದೇ ದಿನ ಮಾಡ್ತೀರಾ? ಆಮೇಲೆ ಎಷ್ಟು ದಿನ ನೀರು ತಾಗಬಾರ್ದು?"

"ಕಿಟಕಿಗೆ ನೀರು ತಾಗ್ದೆ ಹೇಗಿರತ್ತೆ? ಮಳೆ ಬಂದ್ರೆ?" ಎಂಬ ಮಾತು ಬೆನ್ನ ಹಿಂದಿನಿಂದ ಬಂತು. ಕ್ಯಾಶಿನ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

ಅಲ್ಲಿಂದ ಮುಂದೆ ಕಿಟಕಿಯ ಸಮಾಚಾರ ಅಂಗಡಿಯ ಸಾರ್ವಜನಿಕ ವಿಷಯವಾಯಿತು. ಅಕ್ಕನಿಗೆ ಒಬ್ಬ ಬಡಗಿ ಗೊತ್ತಿದ್ದ, ಅವನು ಬಾಗಿಲನ್ನೂ ಸೇರಿಸಿ ಅರ್ಧ ರೇಟಿಗೆ ಮಾಡಿಕೊಡುತ್ತಾನಂತೆ. ಫಿಟ್ಟರಣ್ಣ ಒಳಗಿನಿಂದಲೇ ಕತ್ತು ಚಾಚಿ, ಎರಡು ಕಿಟಕಿಗೆ ಅಷ್ಟೊಂದು ದುಡ್ಡು ಸುರಿಯುವವನು ಮನೆಗೆ ಚಾವಣಿ ಇದೆಯೋ ಇಲ್ಲವೋ ಮೊದಲು ನೋಡಿಕೊಳ್ಳಲಿ ಎಂದ. ಯಜಮಾನರೂ ಲೆಡ್ಜರಿನಿಂದ ತಲೆಯೆತ್ತಿ ಗಾಜು ಬೇಕಿದ್ದರೆ ನಮ್ಮಲ್ಲೇ ತಗೋ ಎಂದುಬಿಟ್ಟರು. ಸೋಡಾಬುಡ್ಡಿ ಎಲ್ಲರಿಗೂ ಹೂಂ ಎಂದ. ಹೂಂ ಹೂಂ ಎನ್ನುತ್ತ ಮನೆಯಲ್ಲಿಲ್ಲದ ಕಿಟಕಿಗಳ ಉದ್ದಗಲವನ್ನೂ ಹೇಳಬೇಕಾಯಿತು.

ಮೂರನೆಯದು ದೊಡ್ಡ ಗಾಜಿನ ಕಟ್ಟಡದ ಆಸ್ಪತ್ರೆ. ಅವರು ಫೋನಿನಲ್ಲಿ ರೇಟು ಹೇಳುವವರಲ್ಲ. ನಿಮ್ಮ ಕಣ್ಣು ನೋಡದೆ ಹೇಗೆ ಹೇಳೋದು ಸಾರ್, ಇವತ್ತು ಪರೀಕ್ಷೆ ಫ್ರೀ, ಬಂದುಬಿಡಿ ಎಂದರು. ಫ್ರೀ ಎಂದ ಮೇಲೆ ಕಾಲು ನಿಲ್ಲುತ್ತದೆಯೇ? ಊಟದ ಬಿಡುವಿನಲ್ಲಿ ಬಡಗಿಯನ್ನು ನೋಡಿ ಬರುತ್ತೇನೆಂದು ಹೇಳಿ ಓಡಿದ. ಅಲ್ಲಿ ಒಬ್ಬಳು ನರ್ಸ್ ಅವನನ್ನು ಕೂರಿಸಿ, ಮೇಲೆ ನೋಡಿ ಎಂದು, ಎರಡೂ ಕಣ್ಣಿಗೆ ತಲಾ ಮೂರು ಹನಿ ಬಿಟ್ಟಳು. ಅರ್ಧ ಗಂಟೆ ಬಿಟ್ಟು ಬಂದ ಡಾಕ್ಟರು ಟಾರ್ಚು ಹಾಕಿ ನೋಡಿ, ಒಳ್ಳೆಯ ಕಣ್ಣು, ಮಾಡಬಹುದು ಎಂದರು. ಸೋಡಾಬುಡ್ಡಿಗೆ ಕುಣಿಯುವಷ್ಟು ಖುಷಿಯಾಯಿತು. ಹೊರಡುವಾಗ ನರ್ಸ್, ಸಂಜೆಯವರೆಗೆ ಸ್ವಲ್ಪ ಮಂಜುಮಂಜಾಗಿ ಕಾಣುತ್ತೆ, ಮನೆಗೆ ಹೋಗಿ ಮಲಗಿ ಎಂದಳು. ಇದನ್ನು ಮೊದಲೇ ಹೇಳಬಾರದಿತ್ತೇ ತಾಯಿ ಎಂದು ಅವನು ಕೈ ಮುಗಿದ. ಅವನು ಕೈ ಮುಗಿದದ್ದು ತೂಕದ ಮಿಷನ್ನಿಗೆ.

ಅಂಗಡಿಗೆ ಬರುವಷ್ಟರಲ್ಲಿ ಲೋಕವೆಲ್ಲ ಸೋಪಿನ ನೊರೆಯಲ್ಲಿ ಮುಳುಗಿತ್ತು. ಒಂದೊಂದು ಟ್ಯೂಬ್‌ಲೈಟೂ ಸೂರ್ಯನಾಗಿ ಅವನನ್ನೇ ಹುಡುಕುತ್ತಿತ್ತು. ತಡಕಾಡಿ ಶೋಕೇಸಿನಿಂದ ಒಂದು ಕಪ್ಪು ಕನ್ನಡಕ ಎಳೆದು, ತನ್ನದರ ಮೇಲೆಯೇ ಏರಿಸಿಕೊಂಡ. ಬೆಲೆಯ ಚೀಟಿ ಕೆನ್ನೆಯ ಮೇಲೆ ಜೋಲಾಡುತ್ತಿತ್ತು. ಅಷ್ಟರಲ್ಲಿ ಓದುವ ಕನ್ನಡಕಕ್ಕೆಂದು ಒಬ್ಬ ಅಜ್ಜಿ ಬಂದರು. ಅವರ ಕೈಗೆ ಅಕ್ಷರದ ಕಾರ್ಡು ಕೊಟ್ಟು ಒಂದರ ಮೇಲೊಂದು ಲೆನ್ಸು ಇಟ್ಟ. ಕಾಣಲ್ಲ ಎಂದರು. ಪವರ್ ಏರಿಸಿದ. ಕಾಣಲ್ಲ. ಇನ್ನೂ ಏರಿಸಿದ. ಆನೆಗೂ ಇರುವೆ ಕಾಣುವಷ್ಟು ದಪ್ಪದ ಲೆನ್ಸು ಹಾಕಿಯೂ ಅಜ್ಜಿಗೆ ಒಂದಕ್ಷರ ಕಾಣಲಿಲ್ಲ.

"ಮಗಾ," ಎಂದರು ಅಜ್ಜಿ ಕೊನೆಗೆ, "ನೀನು ಕೊಟ್ಟಿರೋದು ಕಾರ್ಡಿನ ಹಿಂಭಾಗ. ನೀನೇ ಹೇಳ್ತೀಯೇನೋ ಅಂತ ಕಾಯ್ತಾ ಇದ್ದೆ."

ಅಜ್ಜಿ ನಗುತ್ತಲೇ ಎದ್ದು ಹೋದರು. ಯಜಮಾನರು ನಗಲಿಲ್ಲ. ಹತ್ತಿರ ಬಂದು, ಕಪ್ಪು ಕನ್ನಡಕವನ್ನು ಬೆರಳಿಂದ ಮೇಲೆತ್ತಿ, ಪಾಪೆ ಅರಳಿಹೋಗಿದ್ದ ಇವನ ಕಣ್ಣೊಳಗೆ ಇಣುಕಿದರು. ಮೂವತ್ತು ವರ್ಷ ಕಣ್ಣಿನ ವ್ಯಾಪಾರ ಮಾಡಿದವರಿಗೆ ಕಣ್ಣಿನ ಗುಟ್ಟು ತಿಳಿಯದೆ ಇರುತ್ತದೆಯೇ?

"ಡ್ರಾಪ್ಸ್ ಹಾಕಿಸ್ಕೊಂಡಿದೀಯ. ಇದಾ ನಿನ್ನ ಕಿಟಕಿ?"

ಸೋಡಾಬುಡ್ಡಿ ಕಪ್ಪು ಕನ್ನಡಕ ತೆಗೆದು ಶೋಕೇಸಿಗೆ ವಾಪಸಿಟ್ಟ. ಕೆಲಸ ಹೋಯಿತೆಂದೇ ಲೆಕ್ಕ ಹಾಕಿದ. ಹೋಗುವ ಕೆಲಸಕ್ಕೆ ಸುಳ್ಳು ಯಾಕೆಂದು ಬೆಳಗಿನದನ್ನೆಲ್ಲ ಹೇಳಿಬಿಟ್ಟ: ವ್ಯಾನು, ಜಡೆ, ಮಗಳ ಪ್ರಶ್ನೆ. "ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಅವಳ ಮುಖ ಕಾಣ್ಬೇಕು ಸಾರ್. ಕನ್ನಡಕ ಹುಡುಕೋಕೆ ಮುಂಚೆ. ಅಷ್ಟೇ ನಂಗೆ ಬೇಕಾಗಿರೋದು" ಎಂದ.

ಅಕ್ಕ ಸೊರ್ರೆಂದು ಮೂಗೆಳೆದುಕೊಂಡಳು. ಒಳಗೆ ಉಜ್ಜುವ ಮಿಷನ್ನು ನಿಂತಿತು. ಯಜಮಾನರು ತೋರುಬೆರಳನ್ನು ಕನ್ನಡಕದ ಮುಂದಿನಿಂದಲೇ ಒಳಗೆ ತೂರಿಸಿ ಕಣ್ಣಂಚು ಒರೆಸಿಕೊಂಡರು.

ಡ್ರಾಪ್ಸ್ ತುಂಬ ಜೋರಾಗಿದೆ ಎಂದುಕೊಂಡ ಸೋಡಾಬುಡ್ಡಿ. ಯಜಮಾನರು ಇನ್ನೊಂದು ಕಣ್ಣನ್ನೂ ಹಾಗೆಯೇ ಒರೆಸಿಕೊಂಡರು. ಫ್ರೇಮಿನಲ್ಲಿ ಗಾಜೇ ಇರಲಿಲ್ಲ. ಒಂಬತ್ತು ವರ್ಷ ಇವನಿಗದು ಗೊತ್ತಾಗಿರಲಿಲ್ಲ. ಸಂಬಳ ಕೊಡುವವರ ಮುಖವನ್ನು ಅಷ್ಟು ಹತ್ತಿರದಿಂದ ಯಾರು ನೋಡುತ್ತಾರೆ?

"ನಾನು ಮಾಡಿಸಿ ಹನ್ನೆರಡು ವರ್ಷ ಆಯ್ತು ಕಣೋ" ಎಂದರು ಯಜಮಾನರು ಮೆಲ್ಲಗೆ. "ಸೇತುವೆ ಪಕ್ಕದ್ದು."

"ಅಲ್ಯಾಕೆ ಹೋದ್ರಿ ಸಾರ್," ಎಂದಳು ಅಕ್ಕ, ತನ್ನ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತ, "ನಾನು ಪೇಟೆ ಮಧ್ಯದಲ್ಲಿ ಮಾಡಿಸ್ದೆ, ಒಂದು ಚೂರೂ ಉರಿ ಇಲ್ಲ."

ಫಿಟ್ಟರಣ್ಣ ಏಪ್ರನ್ನಿಗೆ ಕೈ ಒರೆಸಿಕೊಂಡು ಹೊರಗೆ ಬಂದ. ಅವನದು ಗಾಜಿನ ಕಟ್ಟಡದಲ್ಲಿ ಆಗಿತ್ತಂತೆ, ಬ್ಲೇಡಿಲ್ಲದ್ದು. ಮೂವರೂ ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ದರು. ಈಗ ಬಾಯಿ ಬಿಚ್ಚಿದ್ದೇ ತಡ, ಬೀಗರ ಮನೆಯ ಜಗಳದ ಹಾಗೆ ವಾದಕ್ಕೆ ಬಿದ್ದರು: ಯಾರ ಡಾಕ್ಟರು ಮೇಲು, ಯಾರಿಗೆ ಔಷಧಿ ಪುಕ್ಕಟೆ, ಯಾರ ಗ್ಯಾರಂಟಿ ನಿಜ. ಬೆಳಗಿನಿಂದ ತುಂಬದೆ ಉಳಿದಿದ್ದ ಸೋಡಾಬುಡ್ಡಿಯ ಮೂರು ಕಾಲಮ್ಮೂ ಐದು ನಿಮಿಷದಲ್ಲಿ ತುಂಬಿ ಅಂಚಿನಾಚೆ ಹರಿದವು. ಅವನಿಗೆ ಕಣ್ಣಿನ ಜೊತೆ ಮನಸ್ಸೂ ಅರಳಿತು.

"ಹಾಗಾದ್ರೆ ನಾನೂ ಮಾಡಿಸ್ಬಹುದಾ ಸಾರ್?"

ವಾದ ಅಲ್ಲಿಗೇ ನಿಂತಿತು. ಮೂವರೂ ಇವನ ದಪ್ಪ ಗಾಜುಗಳನ್ನೇ, ಮನೆಯಲ್ಲಿ ಉಳಿದ ಕೊನೆಯ ಬೆಂಕಿಕಡ್ಡಿಯನ್ನು ನೋಡುವಂತೆ ನೋಡಿದರು.

ಯಜಮಾನರು ಅವನ ಹೆಗಲ ಮೇಲೆ ಕೈಯಿಟ್ಟರು. "ನೋಡಪ್ಪ. ಗಿರಾಕಿ ಬಂದು, ಮೂಗು ನೋಯತ್ತಾ, ಮೆಟ್ಟಿಲು ಇಳಿಯೋವಾಗ ತಲೆ ತಿರುಗತ್ತಾ ಅಂತ ಕೇಳಿದ್ರೆ ನಾವು ಮೂರೂ ಜನ ಅಂದಾಜಲ್ಲಿ ಹೇಳ್ತೀವಿ. ನಿಜ ಹೇಳೋನು ನೀನೊಬ್ಬನೇ. ಅಂಗಡಿ ಅಂದ್ಮೇಲೆ ಒಬ್ಬನಾದ್ರೂ ನಿಜವಾಗಿ ಕಾಣದೋನು ಬೇಡ್ವಾ?" ಆಮೇಲೆ ಅವರೇ ಉದಾರವಾಗಿ ದಾರಿ ತೋರಿಸಿದರು. ಇವನದು ಮೈನಸ್ ಒಂಬತ್ತು. ಒಂಬತ್ತಕ್ಕೆ ಕಡಿಮೆಯಿಲ್ಲದ ಇನ್ನೊಬ್ಬನನ್ನು ಕೆಲಸಕ್ಕೆ ಕರೆತಂದು ನಿಲ್ಲಿಸಿದರೆ, ಮಾರನೆಯ ದಿನವೇ ಇವನು ಕಣ್ಣು ಮಾಡಿಸಿಕೊಳ್ಳಬಹುದು, ರಜೆಗೆ ಸಂಬಳವೂ ಉಂಟು.

ಸಂಜೆ ಬಸ್‌ಸ್ಟಾಪಿಗೆ ಬಂದ ಸೋಡಾಬುಡ್ಡಿಯ ಕಣ್ಣಿನ ಮಂಜು ತಿಳಿಯಾಗುತ್ತಿತ್ತು. ಅವನು ಮುಖಗಳನ್ನು ನೋಡಲಿಲ್ಲ, ಗಾಜುಗಳನ್ನು ನೋಡಿದ. ಎರಡು, ಒಂದೂವರೆ, ಮೂರು. ಎಲ್ಲ ಎಳಸು. ಅಷ್ಟರಲ್ಲಿ ಬೆಂಚಿನ ತುದಿಯಲ್ಲಿ ನಡುವಯಸ್ಸಿನ ಒಬ್ಬರು ಕಂಡರು. ಅವರ ಕನ್ನಡಕ ನೋಡಿ ಇವನು ಅಲ್ಲೇ ನಿಂತುಬಿಟ್ಟ. ಒಳಗೊಳಗೆ ಉಂಗುರ ಉಂಗುರ, ಬಾವಿಗೆ ಇಣುಕಿದ ಹಾಗೆ. ಹನ್ನೊಂದಕ್ಕೆ ಮೋಸವಿಲ್ಲ. ಅವರೂ ಇವನನ್ನೇ ದಿಟ್ಟಿಸುತ್ತಿದ್ದರು. ನಾಳೆಯೇ ಆಪರೇಷನ್, ನಾಡಿದ್ದು ಬೆಳಿಗ್ಗೆ ಮಗಳ ಮುಖ ಎಂದುಕೊಳ್ಳುತ್ತ ಇವನು ಹೆಜ್ಜೆ ಹಾಕಿದ. ಬಾಯಿ ತೆರೆಯುವ ಮೊದಲೇ ಆ ಮನುಷ್ಯ ಎದ್ದು ಬಂದು ಇವನ ಎರಡೂ ಕೈ ಹಿಡಿದುಕೊಂಡರು.

"ತಪ್ಪು ತಿಳೀಬೇಡಿ ಸಾರ್. ನಿಮ್ಮ ಪವರ್ ಎಷ್ಟು?"

"ಮೈನಸ್ ಒಂಬತ್ತು" ಎಂದ ಸೋಡಾಬುಡ್ಡಿ.

ಅವರ ಕೈ ಸಡಿಲವಾಯಿತು. "ಛೆ. ನಮ್ಮ ಅಂಗಡಿ ಯಜಮಾನ್ರು ಹನ್ನೊಂದಕ್ಕೆ ಕಡಿಮೆ ಒಪ್ಪಲ್ಲ."

ಇಬ್ಬರೂ ಬೆಂಚಿನ ಮೇಲೆ ಕೂತರು. ಎಷ್ಟು ದಿನದಿಂದ ಹುಡುಕುತ್ತಿದ್ದೀರಿ ಎಂದು ಸೋಡಾಬುಡ್ಡಿ ಹೆದರುತ್ತಲೇ ಕೇಳಿದ.

"ಮದುವೆಗೆ ಮುಂಚಿಂದ. ಈಗ ಮಗ ಕಾಲೇಜಿಗೆ ಹೋಗ್ತಾನೆ" ಎಂದು ಅವರು ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. "ಅವನಿಗೂ ಕನ್ನಡಕ ಬಂದಿದೆ ಸಾರ್. ಹೋದ ವಾರ ನೋಡಿಸ್ದೆ, ಏಳಾಗಿದೆ, ಇನ್ನು ನಾಲ್ಕೇ. ದೇವರು ದೊಡ್ಡೋನು."