ಒಲೆಗೆ ಹದಿಮೂರು ಲಾಡು

ಇಷ್ಟಕ್ಕೆಲ್ಲ ಕಾರಣ ಹಿಂದಿನ ವರ್ಷ ಉಳಿದುಹೋದ ಅರವತ್ತಾರು ಲಾಡುಗಳು. ಚಾಮರಾಜಪೇಟೆಯ ಆ ಅಡ್ಡರಸ್ತೆಯಲ್ಲಿ ಗಣೇಶನನ್ನು ಕೂರಿಸುವ ಗೆಳೆಯರ ಸಂಘದವರು ವಿಸರ್ಜನೆಯ ದಿನ ರಸ್ತೆಗೆಲ್ಲ ಲಾಡು ಹಂಚುತ್ತಾರೆ. ಹಂಚುವುದು ಮನೆ ಲೆಕ್ಕದಲ್ಲಲ್ಲ, ಒಲೆ ಲೆಕ್ಕದಲ್ಲಿ. ಒಂದು ವಠಾರದಲ್ಲಿ ಆರು ಒಲೆ ಉರಿದರೆ ಆರು ಪಾಲು. 1997ರಲ್ಲಿ ಕಾರ್ಯದರ್ಶಿ ಚಲುವರಾಜು ಹಂಚಿ ಮುಗಿಸಿದಾಗ ಅರವತ್ತಾರು ಉಳಿದಿದ್ದವು. ಮಾರನೆಯ ಬೆಳಿಗ್ಗೆ ಅವೂ ಇರಲಿಲ್ಲ. ಎಲ್ಲಿ ಹೋದವು ಎಂದು ರಸ್ತೆಯ ಹೆಂಗಸರು ದಬಾಯಿಸಿ ಕೇಳಿದಾಗ ಅವನು "ಇಲಿ" ಎಂದ.

ಹಾಗಾಗಿ ಈ ವರ್ಷ ಹಂಚುವ ಕೆಲಸ ಮುನಿರಾಜುವಿನ ಪಾಲಿಗೆ ಬಂತು. ಮುನಿರಾಜು ಮಾರ್ಕೆಟ್ಟಿನಲ್ಲಿ ನಿಂಬೆಹಣ್ಣಿನ ಸಗಟು ವ್ಯಾಪಾರಿ, ಸಂಘದ ಕಮಿಟಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಯಾವ ಸಂಖ್ಯೆ ಯಾವುದರಿಂದ ಭಾಗ ಹೋಗುತ್ತದೆ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುವುದು ಅವನ ವಿದ್ಯೆ. ಕ್ಯಾಲ್ಕುಲೇಟರ್ ಕಂಡರೆ ಅವನಿಗೆ, ಒಳ್ಳೆಯ ಅಡುಗೆಯವಳಿಗೆ ಹೋಟೆಲಿನ ಸಾರು ಕಂಡಷ್ಟೇ ಗೌರವ. ಆ ವಿದ್ಯೆಯಿಂದ ಅವನಿಗೆ ಈಗ ಒಂದು ಕೆಲಸ ಆಗಬೇಕಿತ್ತು. ಅಧ್ಯಕ್ಷ ದೊಡ್ಡಬೈರಪ್ಪ ವಯಸ್ಸಾಯಿತೆಂದು ಇಳಿಯುವವರಿದ್ದರು. ಲಾಡು ಹಂಚಿದ ಸಂಜೆಯೇ ಕಮಿಟಿಯ ಹನ್ನೆರಡು ಜನ ಚೀಟಿ ಹಾಕಿ ಹೊಸಬರನ್ನು ಆರಿಸಬೇಕಿತ್ತು. ಮುನಿರಾಜುವಿನ ಅಪ್ಪ ಸೊಣ್ಣಪ್ಪ ಇದೇ ರಸ್ತೆಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ನಿಂಬೆಹಣ್ಣು ಕೂಗಿ ಮಾರಿದವನು. ಮುಂದಿನ ವರ್ಷ ಇದೇ ರಸ್ತೆಯ ಪ್ರತಿ ಮನೆಗೂ ಹೋಗುವ ಆಹ್ವಾನಪತ್ರಿಕೆಯಲ್ಲಿ "ಅಧ್ಯಕ್ಷರು: ಶ್ರೀ ಎಸ್. ಮುನಿರಾಜು" ಎಂದು ಅಚ್ಚಾಗಬೇಕು. ಎದುರಾಳಿ ಚಲುವರಾಜು ಒಬ್ಬನೇ. ಭಾಗಾಕಾರ ಬಾರದವನು ನನಗೆ ಯಾವ ಲೆಕ್ಕ ಎಂದು ಮುನಿರಾಜು ಮೀಸೆ ತಿರುವಿದ.

ಬೆಳಿಗ್ಗೆ ಏಳಕ್ಕೆ ಅಡುಗೆಯ ಸಿದ್ದಬಸಪ್ಪ ಎಣಿಸಿ ಹೇಳಿದ, "ಸಾವಿರದ ಮುನ್ನೂರ ಎಂಬತ್ತಾರು." ರಸ್ತೆಯಲ್ಲಿ ಒಲೆಗಳು ತೊಂಬತ್ತೊಂಬತ್ತು. ಶಾಮಿಯಾನದ ಕೆಳಗೆ ಕಮಿಟಿಯವರೆಲ್ಲ ನೋಡುತ್ತಿದ್ದಂತೆ ಮುನಿರಾಜು ಬೆರಳೆತ್ತಿದ.

"ಅಂಕಿಗಳನ್ನ ಕೂಡಿ. ಒಂದು, ಮೂರು, ಎಂಟು, ಆರು. ಹದಿನೆಂಟು! ಒಂಬತ್ತರಿಂದ ಹೋಗುತ್ತೆ. ಈಗ ಒಂದು ಬಿಟ್ಟು ಒಂದು ಕೂಡಿ. ಒಂದೂ ಎಂಟೂ ಒಂಬತ್ತು, ಮೂರೂ ಆರೂ ಒಂಬತ್ತು. ಎರಡೂ ಸಮ, ಹನ್ನೊಂದರಿಂದಲೂ ಹೋಗುತ್ತೆ. ಎರಡರಿಂದಲೂ ಹೋದ್ರೆ ತೊಂಬತ್ತೊಂಬತ್ತರಿಂದ ಹೋಗಲೇಬೇಕು. ಒಲೆಗೆ ಹದಿನಾಲ್ಕು!"

ದೊಡ್ಡಬೈರಪ್ಪ ಕನ್ನಡಕ ತೆಗೆದರು. "ಒಂದೂ ಉಳಿಯಲ್ವೇನಪ್ಪಾ?"

"ಒಂದೂ ಇಲ್ಲ ಗೌಡ್ರೇ."

"ಒಂದೈವತ್ತು? ಅರವತ್ತು?"

"ಸೊನ್ನೆ!"

ಹಿರಿಯರ ಮುಖ ಬಿಳಿಚಿಕೊಂಡಿತು. ಅದು ತನ್ನ ವಿದ್ಯೆ ಕಂಡು ಆದ ಬೆರಗು ಎಂದುಕೊಂಡು ಮುನಿರಾಜು ಇನ್ನಷ್ಟು ಉಬ್ಬಿದ.

ಆ ಉಬ್ಬು ಹತ್ತು ನಿಮಿಷ ಬಾಳಿತು. ಮೂಲೆಮನೆಯ ಕಮಲಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು. "ಮುನಿರಾಜು, ನಮ್ಮನೆಗೆ ಎರಡು ಪಾಲು ಬರ್ಕೋ. ನಾನೂ ನನ್ನ ಓರಗಿತ್ತೀನೂ ಬೇರೆ ಬೇರೆ ಒಲೆ ಮಾಡ್ಕೊಂಡಿದೀವಿ."

"ನಿನ್ನೆ ಇಬ್ರೂ ಒಂದೇ ಬಾಣಲೇಲಿ ಚಕ್ಕುಲಿ ಕರೀತಿದ್ರಲ್ಲಕ್ಕಾ?"

"ಅದು ನಿನ್ನೆ."

ಒಲೆ ನೂರಾಯಿತು. ಸಂಖ್ಯೆಯ ಕೊನೆಗೆ ಎರಡು ಸೊನ್ನೆ ಇಲ್ಲದೆ ನೂರರಿಂದ ಭಾಗ ಹೋಗುವುದುಂಟೆ! ಅವನು ತಲೆ ಕೆರೆದುಕೊಳ್ಳುತ್ತಿರುವಾಗಲೇ ಪೂಜೆಯವರು ಬಂದು ನೈವೇದ್ಯಕ್ಕೆಂದು ಇಪ್ಪತ್ತೊಂದು ಲಾಡು ಎತ್ತಿಕೊಂಡರು. ಗಣಪತಿಗೆ ಇಪ್ಪತ್ತೊಂದು ಇಡಬೇಕು, ಇಟ್ಟದ್ದು ಪೂಜೆಯವರ ಮನೆಗೆ ಹೋಗಬೇಕು. ಅದು ಮುನಿರಾಜು ಹುಟ್ಟುವ ಮೊದಲಿನಿಂದ ಬಂದ ಪದ್ಧತಿ, ಲೆಕ್ಕದ ಭರದಲ್ಲಿ ಮರೆತಿದ್ದ. ಉಳಿದದ್ದು ಸಾವಿರದ ಮುನ್ನೂರ ಅರವತ್ತೈದು.

ಕಮಲಮ್ಮನಿಗೆ ಎರಡು ಪಾಲು ಸಿಕ್ಕ ಸುದ್ದಿ ಹಾಲಿನವನಿಗಿಂತ ಬೇಗ ಮನೆಮನೆ ಸುತ್ತಿತು. ಇಪ್ಪತ್ತು ವರ್ಷದಿಂದ ಒಟ್ಟಿಗೆ ಉಂಡ ಅಣ್ಣತಮ್ಮಂದಿರು ಒಂಬತ್ತು ಗಂಟೆಗೆ ಬೇರೆಯಾದರು. ಅಟ್ಟದ ಮೇಲಿದ್ದ ಸೀಮೆಎಣ್ಣೆ ಸ್ಟೌಗಳು ಧೂಳು ಕೊಡವಿಕೊಂಡು ಕೆಳಗಿಳಿದವು. ಮುನಿರಾಜು ಮನೆಮನೆಗೂ ಹೋಗಿ ಸ್ಟೌ ಮುಟ್ಟಿ ನೋಡಿದ. ಬೆಚ್ಚಗಿದ್ದರೆ ಪಾಲು, ತಣ್ಣಗಿದ್ದರೆ ಇಲ್ಲ ಎಂದ. ನಾಲ್ಕು ಕಡೆ ಕೈ ಸುಟ್ಟುಕೊಂಡು ನಾಲ್ಕು ಒಲೆ ಬರೆದುಕೊಂಡ. ಒಟ್ಟು ನೂರ ನಾಲ್ಕು.

"ಈಗ ಹೋಗುತ್ತಾ?" ಎಂದು ಚಲುವರಾಜು ನಗುತ್ತಾ ಕೇಳಿದ.

ಹೋಗುವುದಿಲ್ಲ. ಬೆಸಸಂಖ್ಯೆಯನ್ನು ಸಮಸಂಖ್ಯೆ ಭಾಗಿಸುವುದು ಹೇಗೆ! ಮುನಿರಾಜು ರಸ್ತೆಯ ನಡುವೆ ನಿಂತು ಕಣ್ಣು ಮುಚ್ಚಿದ. ಸುತ್ತ ತಮಟೆ ಬಡಿತ, ಸೌದೆಯ ಹೊಗೆ, ಕಮಲಮ್ಮನ ಗಲಾಟೆ. ಎಲ್ಲದರ ನಡುವೆ ಆ ಸಂಖ್ಯೆ ಮಾತ್ರ ಅವನಿಗೆ ಬಿಚ್ಚಿಕೊಂಡಿತು. ಕೊನೆಯಲ್ಲಿ ಐದು ಇದೆ, ಐದರಿಂದ ಹೋಗುತ್ತದೆ. ಅಂಕಿಗಳ ಮೊತ್ತ ಹದಿನೈದು, ಮೂರರಿಂದ ಹೋಗುತ್ತದೆ. ಇನ್ನು ಏಳು. ಕೊನೆಯ ಐದನ್ನು ಎರಡರಷ್ಟು ಮಾಡಿದರೆ ಹತ್ತು, ನೂರ ಮೂವತ್ತಾರರಲ್ಲಿ ಹತ್ತು ಕಳೆದರೆ ನೂರ ಇಪ್ಪತ್ತಾರು, ಅದು ಏಳು ಹದಿನೆಂಟಲಿ! ಮೂರು, ಐದು, ಏಳು ಗುಣಿಸಿದರೆ ನೂರೈದು. ಆ ಕ್ಷಣದಲ್ಲಿ ಅವನಿಗಾದ ಹೆಮ್ಮೆಯನ್ನು ನಾವು ಕಡಿಮೆ ಮಾಡಿ ಹೇಳಬಾರದು. ಇಡೀ ಬೆಂಗಳೂರಿನಲ್ಲಿ ಇದನ್ನು ಬಾಯಲ್ಲೇ ಕಂಡುಹಿಡಿಯುವವನು ತಾನೊಬ್ಬನೇ ಎಂದು ಅವನಿಗೆ ಅನಿಸಿತು, ಆ ರಸ್ತೆಯ ಮಟ್ಟಿಗಂತೂ ಅದು ನಿಜವಿರಬೇಕು.

"ಇನ್ನೊಂದು ಒಲೆ ಬೇಕು!" ಎಂದು ಕೂಗಿದ.

ಬೆಳಿಗ್ಗೆಯೆಲ್ಲ ಒಲೆ ಬೇಡ ಎಂದು ಜಗಳವಾಡಿದವನು ಈಗ ಒಲೆ ಹುಡುಕಿಕೊಂಡು ಓಡಿದ. ಬೇವಿನಮರದ ಕೆಳಗೆ ಇಸ್ತ್ರಿ ಗಾಡಿಯ ಮುನಿಲಕ್ಷ್ಮಮ್ಮ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು.

"ಇದು ಒಲೆನಾ ಅಮ್ಮಾ?"

"ಕಣ್ ಕಾಣ್ಸಲ್ವಾ? ಇಸ್ತ್ರಿಪೆಟ್ಗೆ."

"ಇದರ ಮೇಲೆ ಏನಾದ್ರೂ ಬೇಯಿಸ್ತೀರಾ?"

"ಬೂದೀಲಿ ಗೆಣಸು ಸುಟ್ಕೋತೀನಿ. ಯಾಕೆ?"

"ನೂರೈದನೇ ಒಲೆ!" ಎಂದು ಬರೆದುಕೊಂಡವನೇ ಶಾಮಿಯಾನಕ್ಕೆ ಮರಳಿದ. ಅಲ್ಲಿ ದೊಡ್ಡಬೈರಪ್ಪ ದವಡೆ ಆಡಿಸುತ್ತಿದ್ದರು.

"ಗೌಡ್ರೇ, ಏನು ತಿಂತಿದೀರಾ?"

"ರುಚಿ ನೋಡ್ದೆ ಕಣಪ್ಪ. ಅಧ್ಯಕ್ಷ ಅಲ್ವಾ. ಒಂದ್ ಏಲಕ್ಕಿ ಕಮ್ಮಿಯಾಯ್ತು."

ಏಲಕ್ಕಿಯಲ್ಲ, ಒಂದು ಲಾಡೇ ಕಮ್ಮಿಯಾಗಿತ್ತು. ಮುನಿರಾಜು ಸಿದ್ದಬಸಪ್ಪನ ಕಾಲು ಹಿಡಿಯುವುದೊಂದು ಬಾಕಿ. ಇಬ್ಬರೂ ಕೊಪ್ಪರಿಗೆಯೊಳಕ್ಕೆ ತಲೆ ಹಾಕಿ, ತಳಕ್ಕಂಟಿದ ಬೂಂದಿಯನ್ನು ಸೌಟಿನಿಂದ ಕೆರೆದು, ಕೆರೆದು, ಕೊನೆಗೆ ಒಂದು ಲಾಡು ಕಟ್ಟಿದರು. ಸ್ವಲ್ಪ ಕರಿಯಾಗಿತ್ತು. ಲೆಕ್ಕಕ್ಕೆ ಬಣ್ಣವಿಲ್ಲ ಎಂದು ಮುನಿರಾಜು ಅದನ್ನು ತನ್ನ ಮನೆಯ ಪಾಲಿಗೆ ಹಾಕಿಕೊಂಡ.

ಮೂರು ಗಂಟೆಗೆ ಹಂಚಿಕೆ ಮುಗಿಯಿತು. ನೂರೈದು ಒಲೆ, ಒಲೆಗೆ ಹದಿಮೂರು. ಮುನಿರಾಜು ಖಾಲಿ ತಟ್ಟೆಯನ್ನು ತಲೆಯ ಮೇಲೆ ಎತ್ತಿ, ಬೋರಲು ಹಾಕಿ ತೋರಿಸಿದ. ಒಂದು ಕಾಳು ಬೂಂದಿಯೂ ಬೀಳಲಿಲ್ಲ. ರಸ್ತೆಯ ಹೆಂಗಸರು ಚಪ್ಪಾಳೆ ತಟ್ಟಿದರು. ಮುನಿಲಕ್ಷ್ಮಮ್ಮ ಗಾಡಿ ಬಿಟ್ಟು ಬಂದು ಶಿಳ್ಳೆ ಹೊಡೆದಳು. ಅಪ್ಪ ಸೊಣ್ಣಪ್ಪ ಇದ್ದಿದ್ದರೆ ಎಂದು ನೆನೆದು ಮುನಿರಾಜುವಿಗೆ ಕಣ್ಣು ತುಂಬಿ ಬಂತು.

ನಾಲ್ಕಕ್ಕೆ ಕಮಿಟಿ ಕೂತಿತು. ಹನ್ನೆರಡು ಚೀಟಿಗಳನ್ನು ಸ್ಟೀಲ್ ಚೊಂಬಿಗೆ ಹಾಕಿ ಕುಲುಕಿದರು. ದೊಡ್ಡಬೈರಪ್ಪ ಒಂದೊಂದಾಗಿ ಬಿಡಿಸಿ ಓದಿದರು. ಚಲುವರಾಜು. ಚಲುವರಾಜು. ಚಲುವರಾಜು. ಹನ್ನೊಂದು ಸಲ ಅದೇ ಹೆಸರು. ಒಂದು ಚೀಟಿಯಲ್ಲಿ ಮಾತ್ರ ಮುನಿರಾಜು ಎಂದು ಚೆಂದದ ಅಕ್ಷರದಲ್ಲಿ ಬರೆದಿತ್ತು.

ಎಲ್ಲರೂ ಎದ್ದು ಹೋಗುವಾಗ ಅವನು ದೊಡ್ಡಬೈರಪ್ಪನವರ ಕೈ ಹಿಡಿದುಕೊಂಡ. "ಗೌಡ್ರೇ, ನಾನು ಏನು ತಪ್ಪು ಮಾಡ್ದೆ? ಒಂದೂ ಉಳಿಸದೆ ಹಂಚಿದೆನಲ್ಲ!"

ದೊಡ್ಡಬೈರಪ್ಪ ತಮ್ಮ ಬಟ್ಟೆಚೀಲ ತೆರೆದು ತೋರಿಸಿದರು. ಒಳಗೆ ಮುಚ್ಚಳದ ದೊಡ್ಡ ಡಬ್ಬ, ಖಾಲಿ. ಮುನಿರಾಜು ತಿರುಗಿ ನೋಡಿದ. ಹೋಗುತ್ತಿದ್ದ ಹತ್ತೂ ಜನರ ಕೈಯಲ್ಲಿ ಅಂಥದೇ ಚೀಲ, ಹೆಜ್ಜೆಗೊಮ್ಮೆ ಒಳಗಿನ ಖಾಲಿ ಡಬ್ಬ ಸದ್ದು ಮಾಡುತ್ತಿತ್ತು.

"ಉಳಿದದ್ದು ಕಮಿಟೀದು ಕಣಪ್ಪ, ಮೊದಲಿಂದಾನೂ. ನೀನು ಹೊಸಬ, ನಿಂಗೆ ಯಾರೂ ಹೇಳಿರ್ಲಿಲ್ಲ. ಚಲುವರಾಜುಗೆ ಭಾಗಾಕಾರ ಬರಲ್ಲ ಅಂದ್ಕೊಂಡ್ಯಾ? ಹೋದ್ವರ್ಷ ನಾವು ಹನ್ನೊಂದು ಜನ, ಉಳಿದದ್ದು ಅರವತ್ತಾರು. ತಲೆಗೆ ಆರು. ಜಗಳ ಇಲ್ಲ, ತಂಟೆ ಇಲ್ಲ."

ಮುನಿರಾಜು ಮನಸ್ಸಿನಲ್ಲೇ ಅರವತ್ತಾರನ್ನು ಹನ್ನೊಂದರಿಂದ ಭಾಗಿಸಿ ನೋಡಿದ. ಉಳಿಕೆಯೇ ನಿಶ್ಶೇಷವಾಗಿ ಭಾಗವಾಗುವಂತೆ ಹಂಚುವುದು ಅವನ ವಿದ್ಯೆಗೂ ಮೇಲಿನ ವಿದ್ಯೆ. ಹೊಟ್ಟೆಯುರಿಯ ನಡುವೆಯೂ ಅವನಿಗೆ ಗೌರವ ಹುಟ್ಟಿತು.

ಮನೆಯಲ್ಲಿ ಹೆಂಡತಿ ಯಮುನಾ ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು. "ಎಷ್ಟು ಓಟು ಬಂತುರೀ?"

"ಒಂದು."

"ಒಂದೇನಾ! ಅದೂ ನೀವೇ ಹಾಕ್ಕೊಂಡಿದ್ದಾ?"

ಮುನಿರಾಜು ಚಪ್ಪಲಿ ಬಿಟ್ಟು, ಶಲ್ಯ ಸರಿಮಾಡಿಕೊಂಡು, ಎದೆ ಸೆಟೆಸಿ ನಿಂತ.

"ಒಂದು ಅಂದ್ರೆ ಸಾಮಾನ್ಯ ಅಂದ್ಕೊಂಡ್ಯೇನೇ? ಯಾವ ಸಂಖ್ಯೆ ಬೇಕಾದ್ರೂ ತಗೋ, ಒಂದರಿಂದ ಭಾಗ ಹೋಗೇ ಹೋಗುತ್ತೆ!"