ಹಳೇ ಗೇಮು ರಿಪೇರಿ ಮಾಡುವವನ ಪಾಡು

ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಹಳೇ ಗೇಮು ನಿಂತು ನಿಂತು ಓಡಿದರೆ, ಚಿತ್ರ ಕೆಟ್ಟರೆ ಸುತ್ತಲಿನವರೆಲ್ಲ ನನ್ನ ಹತ್ತಿರವೇ ಬರುತ್ತಾರೆ. ಗೇಮೇನೋ ಸರಿಹೋಗುತ್ತದೆ. ಆದರೆ 'ಚೆನ್ನಾಗಿ ಮಾಡಿದೆ' ಎಂದು ಒಬ್ಬರಾದರೂ ಹೇಳಬೇಕಲ್ಲ! ಆ ಒಂದು ಮಾತಿಗಾಗಿ ಕಾದದ್ದೇ ಬಂತು. ನನಗೆ ಗಂಟುಬೀಳುವ ಕೇಸುಗಳೆಲ್ಲ ಇಂಥವೇ.

ಆಯುಧಪೂಜೆ

ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವ ಗಿರಾಕಿಯೊಬ್ಬ, ದಸರಾ ಕಳೆದ ವಾರ, ತನ್ನ ಸಿಪಿಯು ಹೊತ್ತುಕೊಂಡು ಬಂದ. ಹಳೇ ಕಾರ್ ರೇಸಿನ ಗೇಮು. "ಅಣ್ಣಾ, ಕಾರು ಎರಡು ಮಾರು ಓಡ್ತದೆ, ನಿಂತ್ಕೊಂತದೆ, ಆಮೇಲೆ ಎಗರ್ತದೆ. ಪೂಜೆ ಮಾಡೋವರ್ಗೂ ಚೆನ್ನಾಗೇ ಇತ್ತು."

ಹಳೇ ಗೇಮಿಗೆ ಹೊಸ ಕಂಪ್ಯೂಟರ್ ಒಗ್ಗುತ್ತಿಲ್ಲ ಎಂದುಕೊಂಡು ಅರ್ಧ ದಿನ ಸೆಟ್ಟಿಂಗುಗಳ ಜೊತೆ ಗುದ್ದಾಡಿದೆ. ಏನೂ ಆಗಲಿಲ್ಲ. ಕೊನೆಗೆ ಡಬ್ಬ ಬಿಚ್ಚಿದರೆ ಗಮ್ಮೆಂದು ಉಪ್ಪಿನಕಾಯಿ ವಾಸನೆ! ಒಳಗಿನ ಫ್ಯಾನಿಗೆ ಒಂದು ನಿಂಬೆಹಣ್ಣು ಸಿಕ್ಕಿಕೊಂಡು ಕೂತಿದೆ. ಫ್ಯಾನ್ ತಿರುಗದೆ ಸಿಪಿಯು ಕಾದು, ಕಾರು ಉಬ್ಬಸ ಬಂದವರ ಹಾಗೆ ಓಡುತ್ತಿತ್ತು.

"ಇದನ್ನ ಯಾರಪ್ಪ ಇಟ್ಟಿದ್ದು?"

"ನಾನೇ ಅಣ್ಣಾ. ಕಾರಲ್ವಾ? ಚಕ್ರದ ಕೆಳಗೆ ನಿಂಬೆಹಣ್ಣು ಇಡ್ದೆ ಪೂಜೆ ಮಾಡಕಾಯ್ತದಾ? ಇಡೀ ಡಬ್ಬದಲ್ಲಿ ತಿರುಗೋದು ಅದೊಂದೇ ಸಿಕ್ತು."

ಹೊಸ ಫ್ಯಾನ್ ಹಾಕಿಕೊಟ್ಟೆ. ಹೊರಟವನು ಬಾಗಿಲಲ್ಲಿ ನಿಂತು ಕೇಳಿದ: "ಅಣ್ಣಾ, ನಿಂಬೆಹಣ್ಣು ಒಡೀಲೇ ಇಲ್ವಲ್ಲ, ಅಪಶಕುನ ಅಲ್ವಾ?"

ಯಾರು ದಪ್ಪಗಿರಬೇಕು?

ಹಳ್ಳಿಯ ಡೈರಿಗೆ ಹಾಲು ಹಾಕುವ ಅಕ್ಕ ಒಬ್ಬರು. ಮನೆಯಲ್ಲಿರುವ ಹಸುಗಳು ಸಾಲದೆಂದೋ ಏನೋ, ಬಿಡುವಾದಾಗ ಅವರು ಆಡುವುದೂ ಹಸು ಸಾಕುವ ಗೇಮೇ. ಅವರ ತಕರಾರು ಹೀಗಿತ್ತು: "ಆ ರೈತಮ್ಮನ್ನ ನೋಡಪ್ಪ, ಎಂಗೆ ಊದ್ಕೊಂಡವ್ಳೆ. ಅದು ನಾನಂತೆ. ನಾನು ಇಂಗಿದೀನಾ?"

ಗೇಮು ಹಳೇ ಚೌಕದ ಮಾನಿಟರಿಗೆ ಮಾಡಿದ್ದು. ಇವರದು ಹೊಸ ಅಗಲದ ಮಾನಿಟರು. ಚಿತ್ರ ಅಡ್ಡಕ್ಕೆ ಎಳೆದುಕೊಂಡಿತ್ತು, ಅಷ್ಟೇ. ಅಳತೆ ಸರಿಮಾಡಿದೆ. ರೈತಮ್ಮ ಬಳುಕುವ ಬಳ್ಳಿಯಾದಳು. ಅಕ್ಕನ ಮುಖ ಅರಳಿತು, ಅರಳಿದ್ದು ಹಾಗೇ ಬಾಡಿತು.

"ಅಯ್ಯೋ, ನನ್ನ ಅಸುಗಳಿಗೇನ್ ಮಾಡ್ದೆ? ಪಕ್ಕೆಲುಬು ಎಣಿಸ್ಬೋದು!"

"ಅವು ಇದ್ದಿದ್ದೇ ಇಂಗೆ ಅಕ್ಕಾ."

"ಅವ್ಳು ಸಣ್ಣಗಿರ್ಲಿ, ಅಸುಗಳ್ನ ಮೊದ್ಲಿನಂಗೆ ಮಾಡು."

"ಅಂಗಾಗಲ್ಲಕ್ಕಾ. ದಪ್ಪ ಆದ್ರೆ ಎಲ್ರೂ ದಪ್ಪ."

ಅಕ್ಕ ಒಮ್ಮೆ ರೈತಮ್ಮನನ್ನು, ಒಮ್ಮೆ ಹಸುಗಳನ್ನು ನೋಡಿದರು. "ಅಂಗಾದ್ರೆ ಅವ್ಳು ದಪ್ಪಗೇ ಇರ್ಲಿ ಬುಡು. ಆಲು ಕೊಡೋದೇನು ಅವ್ಳಾ?"

ಕತ್ತಲ ಗಣಿ

ಗಣಿ ಕಾರ್ಮಿಕರ ಕಾಲನಿ ಕೋರಮಂಡಲ್‌ನಿಂದ ಒಬ್ಬ ಅಜ್ಜಿ ಫೋನ್ ಮಾಡಿದರು. ಅವರ ಯಜಮಾನರು ಚಿನ್ನದ ಗಣಿಯಲ್ಲಿ ದುಡಿದವರು. ಸಂಜೆಯಾದರೆ ಮೂವರು ಹಳೇ ಜೊತೆಗಾರರನ್ನು ಸೇರಿಸಿಕೊಂಡು ಗಣಿ ಅಗೆಯುವ ಹಳೇ ಗೇಮು ಆಡುತ್ತಾರೆ. ಗೇಮು ಆಗಾಗ ತಟಕ್ಕನೆ ನಿಲ್ಲುತ್ತದೆ. ಶಬ್ದ ನಿಂತದ್ದೇ ತಡ, ನಾಲ್ವರೂ "ಏರ್‌ಬ್ಲಾಸ್ಟ್!" ಎಂದು ಕೂಗಿಕೊಂಡು ಬೀದಿಗೆ ಓಡುತ್ತಾರಂತೆ. ಗಣಿಯೊಳಗೆ ಬಂಡೆ ಸಿಡಿಯುವುದಕ್ಕೆ ಅವರು ಹಾಗನ್ನುತ್ತಾರೆ; ಸಿಡಿದಾಗ ಅಗೆಯುವ ಸದ್ದೆಲ್ಲ ಹೀಗೇ ತಟಕ್ಕನೆ ನಿಲ್ಲುತ್ತಿತ್ತಂತೆ.

"ಇವತ್ತು ಸರಿಯಾಗ್ಲಿಲ್ಲ ಅಂದ್ರೆ ಡಬ್ಬ ಗುಜರಿಗೆ," ಎಂದರು ಅಜ್ಜಿ. "ಮಂಡಿನೋವಿನವ್ರು ತಂಬಿ. ಬಿದ್ದು ಕಾಲು ಮುರ್ಕೊಂಡ್ರೆ ನೋಡೋರ್ಯಾರು?"

ನಾನು ಹೋದಾಗಲೂ ಓಡಿದರು. ನಗು ಬಂತು, ಆದರೆ ಆ ಮುಖಗಳಲ್ಲಿದ್ದದ್ದು ನಿಜವಾದ ಭಯ. ನಗಲು ಮನಸ್ಸಾಗಲಿಲ್ಲ. ಗೀರುಬಿದ್ದ ಹಳೇ ಸಿ.ಡಿ.ಯನ್ನು ಓದಲಾಗದೆ ಗೇಮು ತಡವರಿಸುತ್ತಿತ್ತು. ಹಾಗೂ ಹೀಗೂ ಎಲ್ಲವನ್ನೂ ಕಂಪ್ಯೂಟರಿಗೇ ತುಂಬಿದೆ. ನಿಲ್ಲುವುದು ತಪ್ಪಿತು. ಅಜ್ಜಿ ನಿಟ್ಟುಸಿರುಬಿಟ್ಟು ಒಳಗೆ ಹೋದರು.

ನಾನೂ ಎದ್ದು ಬರಬೇಕಿತ್ತು. ಆದರೆ ಪರದೆ ಮಸಿಯಷ್ಟು ಕಪ್ಪಗಿತ್ತು. "ತಾತಾ, ಇದರಲ್ಲಿ ಏನು ಕಾಣ್ತದೆ?" ಎಂದು ಮನೆಯ ತಾತನನ್ನು ಕೇಳಿದೆ.

"ಗಣಿಯೊಳಗೆ ಏನ್ ಕಾಣ್ತದೆ ತಂಬಿ? ಇದೇ ಸರಿ. ಶಬ್ದ ಕೇಳ್ಕೊಂಡು ಅಗೀತೀವಿ."

ನನ್ನ ಕೈ ಸುಮ್ಮನಿರಬೇಕಲ್ಲ. ಬೆಳಕು ಏರಿಸಿದೆ.

ಗೋಡೆ ತುಂಬ ಚಿನ್ನ ಥಳಥಳಿಸಿತು. ಯಾರೂ ಅದನ್ನು ನೋಡಲಿಲ್ಲ. ಎಲ್ಲರ ಕಣ್ಣೂ ಪರದೆಯ ಮೂಲೆಗೆ ಅಂಟಿಕೊಂಡಿತ್ತು. ಅಲ್ಲಿ ಬಿಳಿ ಟೋಪಿಯ ಮೇಸ್ತ್ರಿಯೊಬ್ಬ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಒಬ್ಬರು ಬೀಡಿ ಆರಿಸಿದರು. ಒರಗಿಕೊಂಡಿದ್ದ ಇನ್ನೊಬ್ಬರು ನೆಟ್ಟಗೆ ಕೂತರು.

"ಇವ್ನು ಇಷ್ಟು ದಿನಾನೂ ಇಲ್ಲೇ ನಿಂತಿದ್ನಾ?" ತಾತನ ದನಿ ಇಳಿದುಹೋಗಿತ್ತು.

"ಔದು ತಾತ. ಕತ್ತಲೇಲಿ ಕಾಣ್ತಿರ್ಲಿಲ್ಲ ಅಷ್ಟೇ."

"ಅಯ್ಯಯ್ಯೋ! ದಿನಾ ಮೇಸ್ತ್ರಿಗಳ್ನ ಬಾಯಿಗೆ ಬಂದಂಗೆ ಬೈಕೊಂಡೇ ಅಗೀತಿದ್ವಲ್ಲ! ಇವನ್ನ ತೆಗೆಯಕಾಯ್ತದಾ?"

"ಆಗಲ್ಲ."

"ಕತ್ತಲೆ ಮಾಡು."

ಮಾಡಿದೆ. ಪರದೆ ಮತ್ತೆ ಮಸಿಯಾಯಿತು, ಬೀಡಿ ಮತ್ತೆ ಹೊತ್ತಿಕೊಂಡಿತು. "ಚೆನ್ನಾಗಿ ಮಾಡ್ದೆ ತಂಬಿ," ಎಂದು ತಾತ ನನ್ನ ಬೆನ್ನು ತಟ್ಟಿದರು. ಆಮೇಲೆ ಆ ಕತ್ತಲೆಯ ಮೂಲೆಗೆ ತಿರುಗಿ ಕೈಮುಗಿದರು: "ಸಾಮೀ, ಇಷ್ಟು ದಿನ ಬೈದಿದ್ದೆಲ್ಲ ಆ ಪಕ್ಕದ ಗಣಿ, ಮೈಸೂರು ಮೈನ್ಸ್ ಮೇಸ್ತ್ರಿಗೆ. ತಮಗಲ್ಲ."