ದುರ್ಜಯನ ವಂಶಾವಳಿ

ದುರ್ಜಯನ ವಂಶದಲ್ಲಿ ಒಬ್ಬ ಮಾಟಗಾತಿಯೂ ಇರಲಿಲ್ಲ.

ದುರ್ಜಯನೆಂದರೆ ಆನೆಕೊಂಡದ ಬಾಡಿಗೆ ಕೋಣೆಯ ರೇವಂತ್ ಏಳು ತಿಂಗಳಿಂದ ಒಂದು ದಾಳದ ಕತೆಯಾಟದಲ್ಲಿ ಆಡುತ್ತಿದ್ದ ಪಾತ್ರ. ಭಾನುವಾರ ಬಂದರೆ ಹರಿಹರದಲ್ಲಿ ಹುಮಾಳ ಮನೆಯ ಮಾಳಿಗೆಯ ಮೇಲೆ ನಾಲ್ವರು ಸೇರುತ್ತಿದ್ದರು. ಹುಮಾ ಕತೆ ಹೇಳುತ್ತ ಶತ್ರುಗಳನ್ನು ಬಿಡುವಳು. ರೇವಂತ್, ಸಿದ್ದು, ಹಮ್ಜಾ ದಾಳ ಉರುಳಿಸಿ ಹೋರಾಡುವರು. ಹೋದ ವಾರ ದುರ್ಜಯ ವಿಷದ ಬಾವಿಗೆ ಬಿದ್ದಿದ್ದ.

"ಮ್ಯಾಲೆ ಬರ್ಬೇಕಂದ್ರೆ ಮಂತ್ರಶಕ್ತಿ ಬೇಕು," ಎಂದಿದ್ದಳು ಹುಮಾ. "ಅದು ರಕ್ತದಾಗೆ ಬಂದಿರ್ಬೇಕು. ಯಾವ ಮಾಟಗಾತಿಯಿಂದ ಬಂತು ಅಂತ ವಂಶಾವಳಿ ಬರ್ಕೊಂಡು ಬಾ. ಭಾನುವಾರ ಸಂಜೆ ಐದು ದಾಟಿದ್ರೆ ದುರ್ಜಯ ಸತ್ತಂಗೆ."

ರೇವಂತನಿಗೆ ಇದು ನೀರು ಕುಡಿದಷ್ಟು ಸುಲಭ ಅನ್ನಿಸಿತು. ಭಾನುವಾರ ಬೆಳಿಗ್ಗೆ ಮನೆ ಮುಂದಿನ ಕಟ್ಟೆಯ ಮೇಲೆ ಡ್ರಾಯಿಂಗ್ ಹಾಳೆ ಹರವಿ, ಮೇಲೆ ದಪ್ಪ ಅಕ್ಷರದಲ್ಲಿ 'ವಂಶಾವಳಿ' ಎಂದು ಬರೆದ. ನೀರಮಾಟಗಾತಿ ಒಬ್ಬಳು, ಅವಳನ್ನು ಮದುವೆಯಾದ ರೈತ ಒಬ್ಬ. ಕೆಲಸ ಅರ್ಧ ಮುಗಿದಿತ್ತು.

ಎದುರುಮನೆಯ ಭರಮಣ್ಣ ಪೇಪರ್ ಮಡಿಚಿ ಬಂದ. "ಯಾರ ಆಸ್ತಿ ಭಾಗ ಆಗ್ತೈತಪಾ?"

"ಆಸ್ತಿ ಅಲ್ರಿ, ಆಟ. ಮಾಟಗಾತಿಯರ ವಂಶ."

"ಯಾರ ವಂಶ ಆದ್ರೇನು? ವಂಶಾವಳ್ಯಾಗೆ ಹೆಸರು ಬಿಟ್ರೆ ಹಕ್ಕು ಹೋದಂಗೆ. ನಮ್ಮಪ್ಪನ್ನ ಬಿಟ್ಟಿದ್ದಕ್ಕ ಎರಡೆಕರೆ ಹೋತು!"

ಆ ದನಿಗೆ ಮನೆಯೊಡತಿ ಅಂಜಿನವ್ವ ಸೊಪ್ಪು ಸೋಸುವುದನ್ನು ಬಿಟ್ಟು ಓಡಿ ಬಂದಳು. "ನನ್ನ ಹೆಸ್ರು ಬರ್ದೇನು?"

"ಅವ್ವಾರೆ, ಇದ್ರಾಗಿರೋರೆಲ್ಲ ಮಾಟಗಾತಿಯರು!"

"ಆಗ್ಲಿ ಬಿಡು. ಮಾಟಗಾತಿ ಅಂತ್ಲೇ ಬರಿ. ಬಿಡಬ್ಯಾಡ ಮಾತ್ರ."

ಬಾಡಿಗೆ ಮನೆಯವನು ಒಡತಿಗೆ ಇಲ್ಲ ಅನ್ನಲಾದೀತೇ? ಅಂಜಿನವ್ವನ ಹೆಸರು ಬರೆದು, 'ನೋಡಿದರೆ ಹಾಲು ಒಡೆಯುತ್ತದೆ' ಎಂದು ಒಂದು ಶಕ್ತಿ ಕೊಟ್ಟ.

ಸಾರಥಿ ಎಂಬ ಹಳ್ಳಿಯಿಂದ ಬಂದಿದ್ದ ಅವಳ ನಾದಿನಿ ಮಾರೆಮ್ಮ ಒಳಗಿನಿಂದಲೇ ಕೂಗಿದಳು. "ಇಕಿ ನೋಡಿದ್ರೆ ಯಾಕ ಒಡೀತೈತೆ? ಕಾಸಿದ್ರೆ ಒಡೀತೈತೆ! ನನ್ನೂ ಬರಿ ತಮ್ಮಾ. ಮನಿಮಗಳು ನಾನು, ನಂಗೂ ಸಮಪಾಲು ಐತೆ."

ಅರ್ಧ ಗಂಟೆಯಲ್ಲಿ ರೇಷನ್ ಅಂಗಡಿಯ ಮುಂದಿನಂತೆ ಸಾಲು ಬೆಳೆಯಿತು. ಭರಮಣ್ಣ ಕುರ್ಚಿ ಹಾಕಿಕೊಂಡು, "ಒಬ್ಬೊಬ್ರೇ ಬರ್ರಿ, ಆಧಾರ್ ಕೈಯಾಗಿರ್ಲಿ," ಎಂದು ನೂಕುನುಗ್ಗಲು ತಡೆಯತೊಡಗಿದ. ಒಬ್ಬಳು ಸತ್ತ ಅತ್ತೆಯನ್ನು ಸೇರಿಸಿದಳು. ಇನ್ನೊಬ್ಬಳು, "ಅಂಜಿನವ್ವಗೆ ಹಾಲು, ನಂಗೆ ಬರೀ ಕೆಮ್ಮಾ?" ಎಂದು ಜಗಳ ತೆಗೆದು ಸಿಡಿಲು ಪಡೆದಳು.

ಮೊದಮೊದಲು ಬೆವರಿದ ರೇವಂತನಿಗೆ ಆಮೇಲೆ ಹೊಳೆಯಿತು: ತಲೆಗೊಂದು ಶಕ್ತಿ! ಜನ ಹೆಚ್ಚಾದಷ್ಟೂ ದುರ್ಜಯನಿಗೆ ಲಾಭ. ಕೊನೆಗೆ ಜಾಗ ಸಾಲದೆ ರೈತನನ್ನು ಹೊಡೆದುಹಾಕಿ ಆ ಚೌಕಕ್ಕೆ ಮಾರೆಮ್ಮನ ಮಗಳನ್ನು ಕೂರಿಸಿದ. ಒಟ್ಟು ಹತ್ತೊಂಬತ್ತು ಮಾಟಗಾತಿಯರು. ಹಾಳೆ ಸುತ್ತಿಕೊಂಡು, ಚುನಾವಣೆ ಗೆದ್ದವನಂತೆ ಹರಿಹರದ ಬಸ್ಸು ಹತ್ತಿದ.

ಹುಮಾ ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು. ಸಿದ್ದು ಬಾಯಿ ತೆರೆದ. "ಹತ್ತೊಂಬತ್ತು ಶಕ್ತಿ! ಇನ್ನ ನಮ್ಮನ್ನ ಯಾರ್ ತಡೀತಾರಲೇ?"

"ಚೆನ್ನಾಗೈತೆ," ಎಂದಳು ಹುಮಾ. "ಇದ್ರಾಗೆ ಮನುಷ್ಯರು ಯಾರು?"

"ಒಬ್ಬ ಇದ್ದ," ಎಂದ ರೇವಂತ್. "ಜಾಗ ಸಾಲ್ಲಿಲ್ಲ."

"ಹಂಗಾದ್ರೆ ದುರ್ಜಯನ ಮೈಯಾಗೆ ಮನುಷ್ಯರ ರಕ್ತ ಒಂದು ಹನೀನೂ ಇಲ್ಲ. ಅವನು ಮಾಟಗಾತಿ ವಂಶದೋನಲ್ಲ, ಪೂರ್ತಿ ಮಾಟಗಾತೀನೇ. ನಿಮ್ಮ ಮೂವರದೂ ಮನುಷ್ಯರ ಪಕ್ಷ. ಮಾಟಗಾತಿಯರನ್ನ ಆಡ್ಸೋಳು ನಾನು."

ಅವಳು ಹಲಗೆಯ ಮೇಲಿದ್ದ ದುರ್ಜಯನ ಕಾಯಿಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

ಐದು ಗಂಟೆಗೆ ಸರಿಯಾಗಿ ದುರ್ಜಯ ಬಾವಿಯಿಂದ ಎದ್ದು ಬಂದ. ಅವನನ್ನು ಎತ್ತಿಕೊಳ್ಳಲು ಸಿದ್ದುವಿನ ಬಿಲ್ಲುಗಾರ, ಹಮ್ಜಾನ ವೈದ್ಯ ಕೈ ಚಾಚಿ ನಿಂತಿದ್ದರು. ಹತ್ತೊಂಬತ್ತು ಶಕ್ತಿಯೂ ಅವರ ಮೇಲೆಯೇ ಬಿದ್ದವು. ಐದೂ ಕಾಲಿಗೆ ಆಟ ಮುಗಿಯಿತು.

ಹೋದದ್ದು ಇಷ್ಟು: ವೀರರು ಮೂವರು, ಕುದುರೆ ಎರಡು, ಆಡಿದ ಭಾನುವಾರ ಇಪ್ಪತ್ತೊಂಬತ್ತು, ಗೆಳೆಯರು ಇಬ್ಬರು.